ಮೂರೂಕಾಲಿಗೆ ಬೆಚ್ಚಗಾಗುವ ಗೋಡೆ

"ಇಬ್ಬರು ಅಂತ ಬರ್ಕೊಳ್ಳಿ," ಎಂದಳು ಅವಳು.

ನಾನು ತಲೆಯೆತ್ತಿದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಕೌಂಟರಿನ ಗಾಜಿನಾಚೆ ಇದ್ದ ಆ ಕಣ್ಣುಗಳನ್ನು ಕಂಡು ನಮ್ಮ ಕಚೇರಿಯ ಹದಿನಾಲ್ಕು ಟ್ಯೂಬ್‌ಲೈಟುಗಳೂ ನಾಚಿ ಮಂಕಾದವು. ಅವುಗಳಲ್ಲಿ ಎರಡು ಮೊದಲಿನಿಂದಲೂ ಮಿಣುಕುತ್ತಿದ್ದವು ಎನ್ನುವುದು ಬೇರೆ ಮಾತು.

ಮುಂಚೆಯೇ ಹೇಳಿಬಿಡುತ್ತೇನೆ. ನಾನು ಹೇಳುವುದನ್ನೆಲ್ಲ ನಮ್ಮಮ್ಮ ಹತ್ತರಿಂದ ಭಾಗಿಸಿ ಕೇಳುತ್ತಾಳೆ. ನೀವೂ ಹಾಗೇ ಮಾಡಿಕೊಳ್ಳಿ, ನನಗೆ ಬೇಸರವಿಲ್ಲ.

ನಾನಿರುವುದು ವಿದ್ಯುತ್ ಕಂಪನಿಯ ಹೋಲಿಕೆ ವಿಭಾಗದಲ್ಲಿ. ಒಂದೇ ಅಳತೆಯ, ಒಂದೇ ಕಾಲಕ್ಕೆ ಕಟ್ಟಿದ, ಅಷ್ಟೇ ಜನರಿರುವ ನೂರು ಮನೆಗಳನ್ನು ಪಕ್ಕಪಕ್ಕ ಇಟ್ಟು ಯಾರು ಎಷ್ಟು ಕರೆಂಟು ಸುಡುತ್ತಾರೆಂದು ತೂಗುತ್ತೇವೆ. ತಿಂಗಳಿಗೊಮ್ಮೆ ಪ್ರತಿ ಮನೆಗೂ ಒಂದು ಹಾಳೆ ಹೋಗುತ್ತದೆ: ನಿಮ್ಮಂಥ ಮನೆಗಳಿಗಿಂತ ನೀವು ಇಷ್ಟು ಹೆಚ್ಚು, ಹೀಗೆ ಮಾಡಿದರೆ ಇಳಿಯುತ್ತದೆ. ಈ ಕೆಲಸದಲ್ಲಿ ನನ್ನಂಥ ಪರಿಣತ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಗ್ರಾಫಿನಲ್ಲಿ ಮನೆಯ ದಿನದ ಗೆರೆ ನೋಡಿ ಅತ್ತೆ ಬಂದಿದ್ದಾರೋ ಹೊರಟರೋ ಹೇಳಬಲ್ಲೆ. ಎರಡು ಕೋಣೆಯಲ್ಲಿ ಎರಡು ಫ್ಯಾನು ತಿರುಗಿದರೆ ಗಂಡ ಹೆಂಡತಿ ಮಾತು ಬಿಟ್ಟು ಎಷ್ಟು ದಿನವಾಯಿತೆಂದು ಎಣಿಸಬಲ್ಲೆ.

"ಹಾಳೆಯಲ್ಲಿ ಒಬ್ಬರು ಅಂತಿದೆಯಲ್ಲ, ಮೇಡಂ?"

"ತಪ್ಪಾಗ್ತಿರೋದೇ ಅಲ್ಲಿ. ಒಬ್ಬರೇ ಇರೋ ಮನೆಗಳ ಜೊತೆ ಹೋಲಿಸ್ತೀರಿ, ಆಮೇಲೆ ನಮ್ಮನೇದು ಒಂದೂವರೆಯಷ್ಟು ಅಂತ ಕೆಂಪಲ್ಲಿ ಬರೆದು ಕಳಿಸ್ತೀರಿ. ಇಬ್ಬರು ಅಂತ ಬರ್ಕೊಂಡ್ರೆ ಎಲ್ಲ ಸರಿಹೋಗುತ್ತೆ."

ಅವಳ ಬೆರಳ ತುದಿಗಳಲ್ಲಿ ಅಂಟು ಒಣಗಿತ್ತು. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಬೈಂಡರ್ ಎಂದು ಹಾಳೆಯ ಮೂಲೆಯಲ್ಲಿತ್ತು.

"ಮದುವೆಯಾ?" ಎಂದೆ. ದನಿ ಹಳ್ಳಕ್ಕೆ ಬಿದ್ದ ಸೈಕಲ್ಲಿನಂತಿತ್ತು.

"ಅಲ್ಲ. ನಮ್ಮಕ್ಕ."

"ಓ, ಅಕ್ಕ! ಯಾವಾಗ ಬಂದ್ರು?"

"ಬರೋದೇನು? ಅವಳು ಹೋಗೇ ಇಲ್ಲ." ಸುತ್ತ ನೋಡಿ ದನಿ ತಗ್ಗಿಸಿದಳು. "ತೀರ್ಕೊಂಡು ಎರಡು ವರ್ಷ ಆಯ್ತು."

ನನ್ನ ಪೆನ್ನು ನಿಂತಿತು.

"ಹಾಗೆ ನೋಡ್ಬೇಡಿ, ಸಾರ್. ನಾನು ಹೇಳ್ತಿಲ್ಲ, ನಿಮ್ಮ ಮೀಟರೇ ಹೇಳ್ತಿದೆ."

ಹಾಳೆಯನ್ನು ನನ್ನತ್ತ ತಿರುಗಿಸಿ ಒಂದು ಕಡೆ ಬೆರಳಿಟ್ಟಳು. ದಿನವೂ ಮಧ್ಯಾಹ್ನ ಮೂರೂಕಾಲಿಗೆ ಗೆರೆ ನೆಟ್ಟಗೆ ಎದ್ದು, ಇಪ್ಪತ್ತು ನಿಮಿಷ ನಿಂತು, ಕೆಳಗಿಳಿದಿತ್ತು. ಒಂದು ದಿನವೂ ತಪ್ಪಿರಲಿಲ್ಲ.

"ಆ ಹೊತ್ತಲ್ಲಿ ನೀವೇನು ಮಾಡ್ತಿರ್ತೀರಿ?"

"ಪುಸ್ತಕ ಹೊಲೀತಿರ್ತೀನಿ. ಕೈಯಲ್ಲಿ. ಸೂಜಿಗೆ ಕರೆಂಟ್ ಬೇಡ."

ಮನೆಯ ಜನರ ಲೆಕ್ಕ ಬದಲಾಗಬೇಕಾದರೆ ನಾವು ಹೋಗಿ ನೋಡಿ ಬರಬೇಕೆಂಬುದು ನಿಯಮ. ಆ ನಿಯಮ ಬರೆದ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಅಡ್ಡಬಿದ್ದು, ಗುರುವಾರ ಬರುತ್ತೇನೆಂದೆ.

*

ಆ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚಿನವು. ಒಂದೇ ಬಾಗಿಲು, ಒಂದೇ ಕಿಟಕಿ, ಒಂದೇ ಮೂರು ಮೆಟ್ಟಿಲು. ಹಾಡಹಗಲು, ಆದರೂ ಒಂದು ನರಪಿಳ್ಳೆಯಿಲ್ಲ. ಅವಳ ಮನೆಯ ಮುಂದೆ ನಿಂತಾಗ ಉಳಿದ ಮನೆಗಳೆಲ್ಲ ಉಸಿರು ಬಿಗಿಹಿಡಿದು ಕಿವಿಗೊಟ್ಟಂತಿತ್ತು. ನಾನು ಹುಲಿಯ ಗುಹೆಗೆ ಹೋಗಿ ಹುಲಿಗೇ ಬಿಲ್ ಕೊಟ್ಟು ಬಂದವನು. ಆದರೂ ಗಂಟೆ ಒತ್ತುವ ಮುನ್ನ ಬೀದಿಯ ಎರಡೂ ತುದಿ ನೋಡಿಕೊಂಡೆ.

ಮುಂದಿನ ಕೋಣೆಯೇ ಅವಳ ಕೆಲಸದ ಜಾಗ. ಬೆನ್ನು ಹರಿದ ಪುಸ್ತಕಗಳು, ಮರದ ಒತ್ತುಯಂತ್ರ, ಅಂಟಿನ ಪಾತ್ರೆ. ಮೇಜು ಒಂದು ಗೋಡೆಗೆ ಆನಿಕೊಂಡಿತ್ತು. ಗೋಡೆಯ ಆಚೆ ಬಚ್ಚಲು. ಅಕ್ಕ ಹೋದಂದಿನಿಂದ ಅದಕ್ಕೆ ಬೀಗ. ಅವಳು ಹಿತ್ತಲಿನ ಬಚ್ಚಲಲ್ಲಿ ತಣ್ಣೀರು ಹುಯ್ದುಕೊಳ್ಳುತ್ತಾಳಂತೆ.

"ಅಕ್ಕ ನರ್ಸು. ಸಂಜೆ ಡ್ಯೂಟಿ. ನಾಲ್ಕಕ್ಕೆ ಸ್ನಾನ ಮಾಡಿ ಹೊರಡ್ತಿದ್ಲು," ಎಂದಳು. "ಶ್. ಟೈಮಾಯ್ತು."

ಮೂರೂಕಾಲು. ಹೊರಗಿನ ಮೀಟರಿನ ಕೆಂಪು ಕಣ್ಣು, ಅಷ್ಟು ಹೊತ್ತು ನಿಧಾನವಾಗಿ ರೆಪ್ಪೆ ಬಡಿಯುತ್ತಿದ್ದದ್ದು, ಒಮ್ಮೆಲೇ ಪಟಪಟನೆ ಹೊಡೆದುಕೊಳ್ಳತೊಡಗಿತು. ಗೋಡೆಯ ಆಚೆ 'ಟಕ್' ಎಂದಿತು. ಸ್ವಲ್ಪ ತಡೆದು ಮತ್ತೆ, 'ಟಕ್, ಟಕ್'. ಒದ್ದೆ ನೆಲದ ಮೇಲೆ ಯಾರೋ ಚಪ್ಪಲಿ ಹಾಕಿ ನಡೆದಂತೆ. ನನ್ನ ಕುತ್ತಿಗೆಯ ಕೂದಲು ಒಂದೊಂದಾಗಿ ಎದ್ದು ನಿಂತು ಹಾಜರಿ ಹೇಳಿದವು.

ಅವಳು ಗೋಡೆಗೆ ಅಂಗೈ ಒತ್ತಿ, ಆಮೇಲೆ ಕೆನ್ನೆಯಿಟ್ಟಳು. "ನೋಡಿ, ಬೆಚ್ಚಗಾಗ್ತಿದೆ."

ನಮ್ಮ ಕೆಲಸದ ರೀತಿ ಒಂದೇ: ಬೋರ್ಡಿನಲ್ಲಿ ಕೋಣೆಗೊಂದರಂತಿರುವ ಬ್ರೇಕರ್ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸುತ್ತ ಮೀಟರಿನ ಕಣ್ಣು ನೋಡುವುದು. ಪ್ರತಿಯೊಂದರ ಕೆಳಗೂ ದುಂಡಗಿನ ಅಕ್ಷರದ ಚೀಟಿ. ಹಾಲ್. ಅಡುಗೆಮನೆ. ಹಿತ್ತಲು. ಐದನೆಯದರ ಕೆಳಗೆ ಬರೆದಿತ್ತು: 'ಮುಟ್ಟಬೇಡ'.

"ಅಕ್ಕನ ಅಕ್ಷರ," ಎಂದಳು ಹಿಂದಿನಿಂದ. "ನಾನಂತೂ ಮುಟ್ಟಿಲ್ಲ."

ಅವಳು ನೀರು ತರಲು ಒಳಗೆ ಹೋದಾಗ ಅದನ್ನು ಇಳಿಸಿದೆ. ಕೆಂಪು ಕಣ್ಣು ಶಾಂತವಾಯಿತು. ಮತ್ತೆ ಏರಿಸಿ, ಪಡಸಾಲೆಯ ಅಟ್ಟ ಹತ್ತಿ, ಬಚ್ಚಲ ಮೇಲಿನ ಸಂದಿಯಲ್ಲಿ ಟಾರ್ಚ್ ಬಿಟ್ಟೆ. ಅಲ್ಲಿದ್ದಳು ಅಕ್ಕ. ಗೀಸರಿನ ಪಕ್ಕ ಒಂದು ಚಿಕ್ಕ ಟೈಮರು, ಮುಳ್ಳು ಮೂರೂಕಾಲಿನ ಹಲ್ಲನ್ನು ದಾಟುತ್ತಿತ್ತು. ಬಿಸಿನೀರಿನ ಕೊಳವೆ ತೊಟ್ಟಿಕ್ಕುತ್ತಿತ್ತು. ದಿನವಿಡೀ ಸೋರಿ ಮತ್ತೆ ತುಂಬಿದ ತಣ್ಣೀರನ್ನು ಗೀಸರು ದಿನಕ್ಕೊಮ್ಮೆ ಕಾಯಿಸಿಡುತ್ತಿತ್ತು, ಪಾಪ.

ತಲೆತುಂಬ ಜೇಡರ ಬಲೆ ಹೊತ್ತು ಕೆಳಗಿಳಿದೆ. ಅವಳು ನೀರಿನ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಳು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರನ್ನು ನೋಡುವ ಹಾಗೆ.

"ಏನಾದ್ರೂ ಸಿಕ್ತಾ?"

"ಏನೂ ಇಲ್ಲ," ಎಂದೆ.

ಜನ್ಮದಲ್ಲಿ ಹೇಳಿದ ಸುಳ್ಳುಗಳಲ್ಲೆಲ್ಲ ಅದೇ ಚಿಕ್ಕದು. ಅವಳ ಮುಖ ಅರಳಿತು. ಫಾರಂನಲ್ಲಿ 'ಪರಿಶೀಲನೆ ಬಾಕಿ' ಎಂದು ಬರೆದೆ. ಬಾಕಿ ಇದ್ದರೆ ಮತ್ತೆ ಬರಬಹುದಲ್ಲ.

*

ಗುರುವಾರ ಗುರುವಾರ ಮೂರೂಕಾಲಿಗೆ ಹೋದೆ. ಅವಳು ಟೀ ಕೊಡುತ್ತಿದ್ದಳು, ನಾನು ಬಡಾಯಿ ಕೊಡುತ್ತಿದ್ದೆ. ಒಂದೇ ಸಲಕ್ಕೆ ನಾಲ್ಕು ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಿದ್ದು, ಸಿಡಿಲು ನನ್ನನ್ನು ಕಂಡು ದಾರಿ ಬದಲಿಸಿದ್ದು. ಅಮ್ಮನ ಭಾಗಾಕಾರದ ಕಥೆಯನ್ನೂ ಹೇಳಿದ್ದೆ.

"ಹತ್ತರಿಂದ ಭಾಗಿಸಿದ್ರೆ ಸಿಡಿಲು ಏನಾಗುತ್ತೆ, ಸಾರ್?" ಎನ್ನುವಳು ದಾರ ಕಚ್ಚುತ್ತ.

"ಬೆಂಕಿಕಡ್ಡಿ."

ಅವಳು ನಕ್ಕರೆ ಸೂಜಿ ತಪ್ಪುತ್ತಿತ್ತು. ಅಷ್ಟರಲ್ಲಿ ಗೋಡೆಯಾಚೆ 'ಟಕ್'. ಟೈಮರ್ ಎಂದು ಗೊತ್ತಿದ್ದೂ ನಾನು ಲೋಟವನ್ನು ಸದ್ದಾಗದಂತೆ ಕೆಳಗಿಡುತ್ತಿದ್ದೆ, ಹಿರಿಯರು ಬಂದರು ಎನ್ನುವ ಹಾಗೆ.

ಕಚೇರಿಯಲ್ಲಿ ಗೆರೆ ಮಾತ್ರ ಬೆಳೆಯುತ್ತಿತ್ತು. ಇಪ್ಪತ್ತು ನಿಮಿಷ ಇಪ್ಪತ್ಮೂರಾಯಿತು, ಇಪ್ಪತ್ತೆಂಟಾಯಿತು. ಸೋರಿಕೆ ಹೆಚ್ಚುತ್ತಿದೆಯೆಂದು ಈ ಪರಿಣತನಿಗೆ ಗೊತ್ತಾಯಿತು. ಕಂಡೂ ಕಾಣದಂತಿದ್ದೆ.

ಐದನೆಯ ಗುರುವಾರ ಅವಳೆಂದಳು, "ಒಂದು ಗುಟ್ಟು ಹೇಳ್ಲಾ? ಈಗೀಗ ಅಕ್ಕ ಕೈ ಹಿಡೀತಾಳೆ."

"ಅಂದ್ರೆ?"

"ಗೋಡೆ ಮುಟ್ಟಿದ್ರೆ ಜುಮ್ ಅನ್ನುತ್ತೆ. ಮೊದಲು ಬೆರಳಲ್ಲಿ ಮಾತ್ರ ಇತ್ತು. ನಿನ್ನೆ ಇಲ್ಲೀವರೆಗೂ." ಮೊಣಕೈ ತೋರಿಸಿದಳು. ಆಮೇಲೆ ನಗುತ್ತ, ಒದ್ದೆಯಾಗಿ ಕಪ್ಪಿಟ್ಟಿದ್ದ ಗೋಡೆಯತ್ತ ಅಂಗೈ ಚಾಚಿದಳು. ಅಂಗೈ ತಗುಲುವ ಮೊದಲೇ ತೋಳಿನ ಮೇಲಿನ ಸಣ್ಣ ಕೂದಲು ಎದ್ದವು.

ನಾನು ಅವಳ ತೋಳಿನ ಬಟ್ಟೆ ಹಿಡಿದು ಎಳೆದುಬಿಟ್ಟೆ. ಅಂಟಿನ ಪಾತ್ರೆ ಉರುಳಿತು. ಕೈಯನ್ನೇ ಹಿಡಿಯಲು ಧೈರ್ಯವಿರಲಿಲ್ಲವೆಂದಲ್ಲ. ಕರೆಂಟು ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದೆಂಬುದು ನಮ್ಮ ಮೊದಲ ಪಾಠ.

ಜೇಬಿನ ಟೆಸ್ಟರ್ ತೆಗೆದು ಗೋಡೆಗೆ ತಗುಲಿಸಿದೆ. ಅದರ ಹೊಟ್ಟೆಯಲ್ಲಿ ಪುಟ್ಟ ಕೆಂಪು ದೀಪ ಹೊತ್ತಿತು. ಬರಿಯ ಸುಣ್ಣದ ಗೋಡೆಯಿಂದ ದೀಪ ಹೊತ್ತುವುದನ್ನು ನೀವು ನೋಡಬಾರದು.

"ಅದು ಅಕ್ಕ ಅಲ್ಲ," ಎಂದೆ. "ಗೀಸರು ಸೋರ್ತಿದೆ. ನೆನೆದ ಗೋಡೇಲಿ ಕರೆಂಟ್ ಹರೀತಿದೆ. ಹಳೇ ಮನೆ, ತಾನೇ ಆರೋ ಸ್ವಿಚ್ ಇಲ್ಲ. ಇನ್ನೊಂದು ವಾರ ಬಿಟ್ರೆ ಅದು ಕೈ ಹಿಡಿಯುತ್ತೆ, ಬಿಡಲ್ಲ. ಮೇಲೆ ಟೈಮರ್ ಇದೆ. ನಾನು ಮೊದಲ ದಿನವೇ ನೋಡಿದ್ದೆ."

ಅವಳು ಉರುಳಿದ ಅಂಟಿನ ಪಾತ್ರೆಯನ್ನು ಎತ್ತಿಟ್ಟಳು.

"ಹತ್ತರಿಂದ ಭಾಗಿಸ್ಲಾ?"

"ಇದನ್ನ ಮಾತ್ರ ಬೇಡ."

"ಐದು ವಾರ ನನ್ನ ನೋಡಿ ಒಳಗೊಳಗೇ ನಗ್ತಿದ್ರಾ?"

"ನಗ್ಲಿಲ್ಲ. ನಿಜ ಹೇಳಿದ್ರೆ ಮತ್ತೆ ಬರೋಕೆ ಕಾರಣ ಇರ್ತಿರ್ಲಿಲ್ಲ. ನಿಮ್ಮನ್ನ ನೋಡದೆ ಇರೋಕೆ ನಂಗಾಗಲ್ಲ."

"ಅಂದ್ರೆ ನೀವು ಬರೋದಕ್ಕೋಸ್ಕರ ಅಕ್ಕನ್ನ ನೆಪ ಮಾಡ್ಕೊಂಡ್ರಿ."

ನಾನು ಟೆಸ್ಟರನ್ನು ಜೇಬಿಗೆ ಹಾಕಿಕೊಂಡೆ.

ಅವಳು ಬೋರ್ಡಿನ ಮುಂದೆ ಹೋಗಿ ನಿಂತಳು. "ಕರೆಂಟ್ ಉಳಿಸ್ತೀನಿ ಅಂತ ನಾನು ದಿನಾ ಇದನ್ನ ಆರಿಸಿಬಿಡ್ತಿದ್ದೆ. ಅವಳಿಗೆ ತಣ್ಣೀರು. ಒಂದಿನ ಚೆನ್ನಾಗಿ ಬೈದು, ಈ ಚೀಟಿ ಅಂಟಿಸಿ ಡ್ಯೂಟಿಗೆ ಹೋದ್ಲು. ಟೈಮರನ್ನೂ ಆಗ್ಲೇ ಇಟ್ಟಿರ್ಬೇಕು, ನಂಗೆ ಹೇಳ್ಲೇ ಇಲ್ಲ. ವಾಪಸ್ ಬರ್ಲಿಲ್ಲ, ದಾರೀಲಿ ಬಸ್ಸು..." ಚೀಟಿಯನ್ನು ಸವರಿದಳು. "ತಪ್ಪಾಯ್ತು ಕಣೇ, ಅಕ್ಕ."

ಆ ಸ್ವಿಚ್ಚನ್ನು ತಾನೇ ಇಳಿಸಿದಳು. ಗೋಡೆಯಾಚೆ ಕೊನೆಯದಾಗಿ ಒಂದು 'ಟಕ್' ಕೇಳಿತು.

"ನೀವು ಹೋಗಿ," ಎಂದಳು, ತಿರುಗದೆ.

*

ಕಂಪನಿಯ ರಿಪೇರಿಯವರು ಹೋಗಿ ಗೀಸರು ಕಿತ್ತು, ತಂತಿ ಬದಲಿಸಿ ಬಂದರು. ಮುಂದಿನ ತಿಂಗಳು ಅವಳ ಹಾಳೆಯಲ್ಲಿ ಹಸಿರು ಅಕ್ಷರ: 'ಉತ್ತಮ'. ನೂರು ಒಂಟಿ ಮನೆಗಳ ಗೆರೆಗಳ ನಡುವೆ ಅವಳದು ಯಾವುದೆಂದು ನನಗೇ ಗುರುತು ಹತ್ತಲಿಲ್ಲ. ನನ್ನ ಕೆಲಸ ಅಷ್ಟು ಚೆನ್ನಾಗಿ ಆಗಿತ್ತು. ಊಟ ಸೇರಲಿಲ್ಲ. ಹತ್ತರಿಂದ ಭಾಗಿಸಿದರೂ ಸೇರಲಿಲ್ಲ.

ಆಮೇಲೊಂದು ದಿನ, ಮೂರೂಕಾಲಿಗೆ, ಅವಳ ಗೆರೆ ಎದ್ದಿತು.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆದರೆ ನಾಲ್ಕೇ ನಿಮಿಷಕ್ಕೆ ಇಳಿಯಿತು. ಮರುದಿನವೂ ನಾಲ್ಕು ನಿಮಿಷ. ಕೆಟಲ್! ಒಂದು ಲೋಟ ನೀರಿಗೆ ಎರಡು ನಿಮಿಷ, ಎರಡು ಲೋಟಕ್ಕೆ ನಾಲ್ಕು. ಒಂಟಿ ಮನೆಯಲ್ಲಿ ದಿನವೂ ಎರಡು ಲೋಟ ಟೀ ಕುದಿಯುತ್ತಿತ್ತು.

ಎರಡನೆಯದು ಅಕ್ಕನಿಗಿರಬಹುದೆಂದು ಎಂಟು ದಿನ ಹೆದರಿಕೊಂಡು ಕುಳಿತೆ. ಒಂಬತ್ತನೆಯ ದಿನ ಮೆಟ್ಟಿಲೇರಿದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಲೋಟ, ಎರಡೂ ಹೊಗೆಯಾಡುತ್ತಿದ್ದವು.

"ಇನ್ನೊಂದು ಯಾರಿಗೆ?"

"ಎಂಟು ದಿನ ಬೇಕಾಯ್ತಾ?" ಅವಳು ಹೊಲಿಗೆಯಿಂದ ಕಣ್ಣೆತ್ತಲಿಲ್ಲ. ತುಟಿಯ ತುದಿ ಮಾತ್ರ ಮೇಲೆದ್ದಿತು. "ಭೂಮಿ ಮೇಲೆ ನಿಮ್ಮಂಥ ಪರಿಣತ ಇನ್ನೊಬ್ಬ ಇಲ್ಲ ಅಂದಿದ್ರಿ. ದಿನಾ ಒಂದು ಲೋಟ ಚೆಲ್ತಿದ್ದೀನಿ ಇಲ್ಲಿ."

ನಾನು ಕೂತೆ. ಅವಳು ಅಂಟು ಮೆತ್ತಿದ ಕೈಯನ್ನು ಗೋಡೆಗಲ್ಲ, ನನ್ನ ಅಂಗೈಗೆ ಇಟ್ಟಳು. ಜುಮ್ ಎಂದಿತು. ಟೆಸ್ಟರ್ ಬೇಕಾಗಲಿಲ್ಲ.

"ಈಗ ಬರ್ಕೊಳ್ಳಿ," ಎಂದಳು. "ಇಬ್ಬರು ಅಂತ."

*

ಇಬ್ಬರಾಗಿ ಒಂದು ವರ್ಷವಾಯಿತು. ಹೋದ ವಾರ ನಮ್ಮಮ್ಮನನ್ನು ನೋಡಲು ಎರಡು ದಿನ ಹೋಗಿದ್ದೆವು. ಹೊರಡುವಾಗ ಮೇನ್ ಸ್ವಿಚ್ಚನ್ನು ನಾನೇ ಇಳಿಸಿದೆ, ಕೆಟಲ್ ತೊಳೆದು ಬೋರಲು ಹಾಕಿದ್ದು ಅವಳು.

ಬಂದಮೇಲೆ ಕಚೇರಿಯಲ್ಲಿ ಗೆರೆ ನೋಡಿದೆ. ಎರಡು ದಿನವೂ ನೆಲಕ್ಕಂಟಿದ ಸೊನ್ನೆ. ಎರಡು ದಿನವೂ ಮೂರೂಕಾಲಿಗೆ ಒಂದು ಏರು. ಎರಡು ನಿಮಿಷ. ಒಂದು ಲೋಟ.

ಮೀಟರನ್ನು ಬಿಚ್ಚಿ ಪರೀಕ್ಷಿಸಿದೆ, ಮೂರು ಸಲ. ಸರಿಯಾಗಿಯೇ ಇತ್ತು. ಇದನ್ನು ಮಾತ್ರ ದಯವಿಟ್ಟು ಯಾವುದರಿಂದಲೂ ಭಾಗಿಸಬೇಡಿ.

ಹಾಳೆಯನ್ನು ಅವಳ ಮುಂದಿಟ್ಟೆ. ಅವಳು ಹೆದರಲಿಲ್ಲ. ಬಹಳ ಹೊತ್ತು ನೋಡಿ, ಆ ಪುಟ್ಟ ಏರಿನ ಮೇಲೆ ಬೆರಳಾಡಿಸಿದಳು.

"ಸಕ್ಕರೆ ಡಬ್ಬಿ ಮೇಲಿನ ಕಪಾಟಲ್ಲಿ ಇಟ್ಟುಹೋಗಿದ್ದೆ. ಪಾಪ, ಸಪ್ಪೆ ಟೀನೇ ಕುಡಿದಿದ್ದಾಳೆ." ಆಮೇಲೆ ನನ್ನ ಜೇಬಿನ ಪೆನ್ನು ತೆಗೆದು ನನ್ನ ಕೈಗೇ ಕೊಟ್ಟಳು. "ಅಕ್ಕನ್ನೂ ಸೇರಿಸಿ ಬರ್ಕೋ. ಮೂವರು."

ನಿಯಮದ ಪ್ರಕಾರ ಹೋಗಿ ನೋಡಿ ಬರಬೇಕು. ನಾನು ನೋಡಲಿಲ್ಲ. ಬರೆದುಕೊಂಡೆ.