ಯಾರೂ ಕುಣಿಯದ ಆಲ್ಬಮ್

"ಈ ಹಾಡು ಮಾಡಿದೋರು ನೀವೇ ಏನ್ರಿ?"

ಸಿರುಗುಪ್ಪದ ಆ ಮನೆಯ ಬಾಗಿಲಲ್ಲಿ ನಿಂತು ದಾಕ್ಷಾಯಣಿ ಪೆನ್‌ಡ್ರೈವ್ ಎತ್ತಿ ತೋರಿಸಿದಳು. ಬಾಗಿಲು ತೆರೆದವನು ಜಂಬುನಾಥ. ಹೋದ ವರ್ಷ ‘ಸಿರುಗುಪ್ಪಿ ಸಿಂಗಾರಿ’ ಹಾಡಿ ಇಡೀ ಜಿಲ್ಲೆಯನ್ನು ಕುಣಿಸಿದ ಗಾಯಕ. ಪೋಸ್ಟರಿಗಿಂತ ಎದುರಿಗೇ ಚೆಂದವಿದ್ದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

"ಹೌದ್ರಿ. ಕೇಳಿದ್ರೇನು?"

"ಕೇಳಿದ್ವಿ. ಕುರುಗೋಡಿನ ಮದುವಿ ಮೆರವಣಿಗ್ಯಾಗ, ಐನೂರು ಮಂದಿ ನಡುವ. ನಾ ದಾಕ್ಷಾಯಣಿ, ಅಲ್ಲಿ ಸೌಂಡ್ ಹಾಕಿದಾಕಿ."

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವವಳು ಅವಳು. ಜಂಬುನಾಥನ ಹೊಸ ಆಲ್ಬಮ್ ಅಂದಕೂಡಲೇ ಒಮ್ಮೆಯೂ ಕೇಳಿ ನೋಡದೆ ಹಾಕಿದ್ದಳು. ಹನ್ನೊಂದು ನಿಮಿಷ ರೈಸ್‌ಮಿಲ್ಲಿನ ಗುಂಯ್ ಸದ್ದು, ತಿರುಗಾಮುರುಗಾ ಊದುವ ಶಹನಾಯಿ, ಬಾವಿಯೊಳಗಿಂದ ಕೂಗಿದಂಥ ಗಂಡುದನಿ... ಬದಲಿಸೋಣವೆಂದರೆ ಮುಂದಿನ ಹಾಡು ಇನ್ನೂ ಘೋರ! ಪೇಪರಿನವರು ಅದನ್ನು ಸೈಕೆಡೆಲಿಕ್, ಅಂದರೆ ಮತ್ತೇರಿಸುವ ಸಂಗೀತ, ಅಂದಿದ್ದರು. ಕುರುಗೋಡಿನವರು ಸ್ಪೀಕರ್ ಬಾಕ್ಸ್ ಕೆಟ್ಟಿದೆ ಅಂದರು.

"ವರನ ಅಪ್ಪ ಮರಿಬಸಪ್ಪನೋರು ಕಡ್ಡಿ ಮುರಿದಂಗ ಹೇಳ್ಯಾರ. ನಾಳಿನ ರಿಸೆಪ್ಷನ್‌ಗೆ ನೀವು ಬಂದು ‘ಸಿಂಗಾರಿ’ ಹಾಡಬೇಕು. ಇಲ್ಲಾಂದ್ರ ಆ ಕಡೆ ಊರಾಗ ಯಾರೂ ನನ್ನ ಕರಿಯಂಗಿಲ್ಲ. ನಮ್ಮಪ್ಪ ಕಟ್ಟಿದ ಅಂಗಡಿರಿ ಅದು."

"ಆ ಹಾಡು ಹಾಡಂಗಿಲ್ರಿ."

"ಒಂದ ಸಲ?"

"ಅರ್ಧ ಸಲಾನೂ ಇಲ್ಲ."

ಒಂದು ಹಾಡು ಗೆದ್ದದ್ದಕ್ಕೆ ಇಷ್ಟು ಕೊಬ್ಬೇ? ದಾಕ್ಷಾಯಣಿಗೆ ಮೈಯೆಲ್ಲ ಉರಿಯಿತು.

"ದೊಡ್ಡೋರಾಗೀರಿ ಬಿಡ್ರಿ," ಅಂದು ಹೊರಟಳು.

ಬೀದಿಯ ತಿರುವಿನಲ್ಲಿ ಅವನ ಸೋದರತ್ತೆ ಹಂಪಮ್ಮ ಹಿಂದೆಯೇ ಬಂದು ಅವಳ ಕೈ ಹಿಡಿದರು.

"ಬೈಬ್ಯಾಡವ್ವ ಅವನ್ನ. ಯುಗಾದಿ ಮುಂದ ಅವರವ್ವ ತೀರಿಕೊಂಡ್ಳು. ಮಣ್ಣಿಗೆ ಒಯ್ಯುವಾಗ ಬ್ಯಾಂಡಿನೋರು ಇವನ ‘ಸಿಂಗಾರಿ’ ಹಾಡ ಬಾರಿಸಿದ್ರು. ಮಗ ಹೆಸರುವಾಸಿ, ತಾಯಿನ್ನ ಮೆರೆಸಿ ಕಳಸೋಣ ಅಂತ ಪ್ರೀತೀಲೇ ಮಾಡಿದ್ರು. ಮಂದಿ ಹೆಣದ ಮುಂದ ಕುಣಿದ್ರು. ಇವ ಹೆಗಲು ಕೊಟ್ಟು ನಡದಿದ್ದ... ಅವತ್ತಿಂದ, ಯಾರಿಗೂ ಕುಣಿಯಾಕ ಬರದಂಥ ಹಾಡ ಮಾಡ್ತೀನಿ ಅಂತ ಕುಂತಾನ."

ದಾಕ್ಷಾಯಣಿಗೆ ತನ್ನ ನಾಲಿಗೆಯನ್ನೇ ಕಿತ್ತುಕೊಳ್ಳಬೇಕೆನಿಸಿತು. ತಿರುಗಿ ಹೋದರೆ ಬಾಗಿಲು ಮುಚ್ಚಿತ್ತು. ಬಳ್ಳಾರಿಯ ಬಸ್ಸಿನಲ್ಲಿ ಕೂತು ಅತ್ತಳು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಮುಚ್ಚಲು ಬಾರದ ಕಿಟಕಿಯ ಮೇಲೆ ರೇಗಿದಳು.

ಮರುದಿನ ಕುರುಗೋಡಿನಲ್ಲಿ ಅವಳು ಬೈಗುಳಕ್ಕೆ ತಯಾರಾಗಿ ನಿಂತಿದ್ದರೆ, ಜಂಬುನಾಥ ತಾನಾಗಿಯೇ ಬಂದ.

"ನಿಮ್ಮ ಅಂಗಡಿ ಉಳೀಲ್ರಿ," ಅಂದವನೇ ಮೈಕ್ ಹಿಡಿದು ವೇದಿಕೆ ಹತ್ತಿದ.

ಸಿಳ್ಳೆಗಳು ಎದ್ದವು. ‘ಸಿಂಗಾರಿ’ಯ ಡೋಲು ಶುರುವಾಯಿತು. ಅವನು ಬಾಯಿ ತೆರೆದ. ದನಿ ಬರಲಿಲ್ಲ. ಡೋಲು, ಸಿಳ್ಳೆಗಳ ಗದ್ದಲದಲ್ಲಿ ಮಂದಿಗೆ ಅದು ತಿಳಿಯಲಿಲ್ಲ.

ಒಂದು ಸಾಲು ಹಾಡಿದರೆ ಅಂಗಡಿ ಉಳಿಯುತ್ತದೆ... ಹಾಡಿದರೆ ಇವನು ಉಳಿಯುತ್ತಾನೆಯೇ?

ದಾಕ್ಷಾಯಣಿ ಆಂಪ್ಲಿಫೈಯರಿನ ವೈರು ಕಿತ್ತಳು.

"ಸೆಟ್ ಸುಟ್ಟೈತ್ರಿ," ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು. "ತಪ್ಪು ನಂದು. ಅವರದಲ್ಲ."

ಮರಿಬಸಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಇನ್ನ ನಮ್ಮೂರಾಗ ನಿನ್ನ ಬಾಕ್ಸ್ ಇಳೀಬಾರದವ್ವ."

ಅವಳು ತಲೆಯಾಡಿಸಿ ವೈರು ಸುತ್ತತೊಡಗಿದಳು. ಗಾಡಿಗೆ ಬಾಕ್ಸ್ ಏರಿಸುವಾಗ ಇನ್ನೊಂದು ಬದಿಗೆ ಜಂಬುನಾಥ ಕೈ ಕೊಟ್ಟ.

"ಸುಟ್ಟ ವಾಸನಿ ಬರಲಿಲ್ಲಲ್ರಿ..."

"ಸುಟ್ಟಿದ್ರ ಬರ್ತಿತ್ತು."

"ಅಪ್ಪನ ಅಂಗಡಿ ಅಂದಿದ್ರಿ."

"ಅಪ್ಪ ಇದ್ದಿದ್ರ ಅವನೂ ವೈರು ಕೀಳ್ತಿದ್ದ. ನಿನ್ನೆ ಆಡಿದ ಮಾತಿಗೆ ಮೊದಲು ನನ್ನ ಎರಡು ಬಾರಿಸ್ತಿದ್ದ."

ಅವನು ಬಾಕ್ಸ್ ಬಿಡಲಿಲ್ಲ. "ದಾಕ್ಷಾಯಣಿ, ನನ್ನ ದನಿ ನಿಂತದ್ದು ಅಷ್ಟು ಮಂದ್ಯಾಗ ನಿಮಗೊಬ್ಬರಿಗೇ ತಿಳೀತು. ಇಷ್ಟು ಲಗೂ ಹೇಳಬಾರದೇನೋ... ನೀವು ನನಗ ಬೇಕ್ರಿ."

ಅವಳ ಎದೆ ತುಂಬಿ ಬಂತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ಆ ಆಲ್ಬಮ್ ನನಗ ಹಿಡಿಸಿಲ್ಲ. ಮೂರನೇ ಹಾಡಂತೂ ತಲಿನೋವು."

"ಮತ್ತ?"

"ಮತ್ತೇನು. ಪಾರ್ವತಿನಗರದಾಗ ನಮ್ಮನಿ. ಬಂದು ಮಗ್ಗಲಾಗ ಕುಂತು ತಿಳಿಸ್ರಿ. ನನಗ ತಿಳಿಯೋತನಕ ಎದ್ದು ಹೋಗಂಗಿಲ್ಲ."

"ಎಂದೂ ತಿಳೀದಿದ್ರ?"

"ಹೋಗಂಗಿಲ್ಲ ಅಂದೆನಲ್ರಿ."