ಕಾಫಿ ಹೂ ಬಿಡುವ ವಾರ

“ಕಾರಿನ ಟೈರ್ ಸವೆದಿದೆ ಅಂತ ಹೋದ ವಾರ ನೀನೇ ಹೇಳ್ದೆ. ಈಗ ಹೊಸ ಟೈರ್ ಹಾಕ್ಸಿ ಆಯ್ತಲ್ಲ, ಚಿಕ್ಕಮ್ಮನ ತೋಟಕ್ಕೆ ಹೋಗೋಕೆ ಇನ್ನೇನಪ್ಪಾ?”

ಕೇಳಿದವಳು ಗಿರಗಿಟ್ಲೆ. ನಿಂತಲ್ಲಿ ನಿಲ್ಲದೆ ಗಿರಗಿರ ಸುತ್ತುವ ಹುಡುಗಿಗೆ ಮನೆಯವರಿಟ್ಟ ಹೆಸರು ಅದು. ಇವತ್ತು ಮಾತ್ರ ಅವಳು ಅಲ್ಲಾಡದೆ ಊಟದ ಮೇಜಿನ ಮುಂದೆ ಕೂತಿದ್ದಳು.

ಅಪ್ಪ ಸಿಟಿ ಬಸ್ ಡ್ರೈವರ್. ಮನೆಯಲ್ಲಿ ಒಂದು ಹಳೇ ಕಾರೂ ಇತ್ತು. “ಟೈರ್ ಸರಿ ಕಣೇ. ಹಾರ್ನ್ ಯಾಕೋ ಸಣ್ಣಗೆ ಕೂಗುತ್ತೆ,” ಎಂದು ಅಪ್ಪ ತಟ್ಟೆ ನೋಡಿದರು.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದು ಅಣ್ಣ ಗೊಣಗಿದ. ಅಮ್ಮ ಅವನತ್ತ ಕಣ್ಣು ಬಿಟ್ಟಳು.

ಅಷ್ಟರಲ್ಲಿ ಫೋನ್ ಬಂತು. ಕಾಫಿ ಬೆಟ್ಟದಲ್ಲಿ ಸಸಿ ಬೆಳೆಸುವ ಚಿಕ್ಕಮ್ಮ! ಅಮ್ಮ ಸ್ಪೀಕರ್ ಹಾಕಿದಳು.

“ಅಕ್ಕಾ, ಹೋದ ವಾರ ಮಳೆ ಬಿತ್ತಲ್ಲ! ಮೊಗ್ಗೆಲ್ಲ ಬಿರೀತಿದೆ, ತೋಟದ ತುಂಬ ಹಾಲು ಚೆಲ್ಲಿದ ಹಾಗಿದೆ. ಈ ಭಾನುವಾರ ಬಂದ್ರೆ ಬಂದ್ರಿ. ಆಮೇಲೆ ಬಾಡಿದ ಹೂವೇ ಗತಿ!”

ಗಿರಗಿಟ್ಲೆ ಸಿಟ್ಟಿನಿಂದ ಅಪ್ಪನತ್ತ ತಿರುಗಿದಳು. ಹೋದ ವರ್ಷವೂ ಹೀಗೇ ಇವತ್ತು, ನಾಳೆ ಅನ್ನುವಷ್ಟರಲ್ಲಿ ಹೂವೆಲ್ಲ ಉದುರಿಹೋಗಿತ್ತು.

“ದಾರಿ ಹೇಗಿದೆ?” ಅಪ್ಪ ಕೇಳಿದರು.

“ದಾರಿಗೇನು ಭಾವ! ಒಂದು ತಿರುವು ಮುಗೀತು ಅನ್ನೋಷ್ಟ್ರಲ್ಲಿ ಇನ್ನೊಂದು. ಪಕ್ಕಕ್ಕೆ ಬಗ್ಗಿದ್ರೆ ತಳವೇ ಕಾಣಲ್ಲ! ಅಲ್ಲೇ ಎದುರಿಗೆ ಲಾರಿ ಬರ್ಬೇಕು ನೋಡಿ, ಮಜಾ!”

ಗಿರಗಿಟ್ಲೆಯ ಕೈಯಿಂದ ಚಮಚ ಜಾರಿತು. ಎತ್ತಿಕೊಳ್ಳಲು ಮೇಜಿನಡಿಗೆ ಬಗ್ಗಿದಳು.

ಅಲ್ಲಿ ಅಪ್ಪನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಚಿಕ್ಕಮ್ಮ ಹೇಳುವ ಒಂದೊಂದು ತಿರುವಿಗೂ ಒಂದೊಂದು ಸಲ, ಥೇಟ್ ಬ್ರೇಕ್ ತುಳಿದ ಹಾಗೆ. ಕಾಲ್ಬೆರಳುಗಳು ಬೆಳ್ಳಗಾಗಿದ್ದವು.

ಅಪ್ಪ ಓಡಿಸುವುದೆಲ್ಲ ಊರೊಳಗಿನ ಸಪಾಟು ರಸ್ತೆಯಲ್ಲಿ. ಟೈರ್, ಹಾರ್ನ್ ಎಲ್ಲ ಯಾಕೆಂದು ಅವಳಿಗೆ ಈಗ ಹೊಳೆಯಿತು. ಇಷ್ಟು ಹೊತ್ತು ಉಕ್ಕುತ್ತಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

“ಏನೇ, ಚಮಚ ಹುಡುಕೋಕೆ ಗುಹೆಗೆ ಹೋದ್ಯಾ?” ಅಣ್ಣ ಕೂಗಿದ.

ಅವಳು ಎದ್ದು ಕೂತಳು. “ಅಮ್ಮಾ, ಕಾರು ಬೇಡ. ಬೆಟ್ಟಕ್ಕೆ ಬಸ್ ಇದೆಯಲ್ಲ, ಅದ್ರಲ್ಲೇ ಹೋಗೋಣ. ತಿರುವಲ್ಲಿ ನಂಗೆ ಭಯ ಆಗುತ್ತೆ. ಅಪ್ಪ ನನ್ನ ಪಕ್ಕ ಕೂರ್ಬೇಕು. ಡ್ರೈವ್ ಮಾಡ್ತಾ ನನ್ನ ಕೈ ಹಿಡ್ಕೊಳ್ಳೋಕಾಗುತ್ತಾ?”

“ನಿಂಗೆ ಭಯಾನಾ?” ಅಣ್ಣ ಬಿದ್ದು ಬಿದ್ದು ನಕ್ಕ. “ಪಾರ್ಕಲ್ಲಿ ತಿರುಗೋ ಚಕ್ರದಿಂದ ಇವಳನ್ನ ಇಳಿಸೋಕೆ ಇಬ್ರು ಬೇಕು! ಪುಕ್ಕಲಿ!”

“ಹೂಂ, ಪುಕ್ಕಲೀನೇ. ಏನೀಗ?”

ಅಪ್ಪ ಅವಳನ್ನೇ ನೋಡಿದರು. ಒಂದು ಲೋಟ ನೀರು ಕುಡಿದರು. ಆಮೇಲೆ ಫೋನಿನತ್ತ ಬಾಗಿ, “ಭಾನುವಾರ ಮೊದಲ್ನೇ ಬಸ್ ಎಷ್ಟೊತ್ತಿಗಮ್ಮಾ?” ಎಂದರು.

“ಕಿಟಕಿ ಸೀಟ್ ನಂದು!” ಅಣ್ಣ ಕಿರುಚಿದ.

“ಊಹೂಂ, ನಂದು.”

“ಪುಕ್ಕಲಿಗೆ ಕಿಟಕಿ ಯಾಕೆ?”

ಗಿರಗಿಟ್ಲೆ ತನ್ನ ಕುರ್ಚಿಯನ್ನು ಅಪ್ಪನ ಪಕ್ಕಕ್ಕೆ ಎಳೆದುಕೊಂಡಳು. ಕಿಟಕಿಗೂ ಅಪ್ಪನಿಗೂ ನಡುವೆ ಯಾರಾದರೂ ಕೂರಬೇಕಿತ್ತಲ್ಲ.