ಗಿಣಿಮೂತಿ ಬಾವ

ಗೌನಿಪಲ್ಲಿಯಿಂದ ಶ್ರೀನಿವಾಸಪುರಕ್ಕೆ ಹೊರಟ ಬೆಳಗಿನ ಪ್ರೈವೇಟ್ ಬಸ್ಸಿನಲ್ಲಿ ಶ್ರೀವಾಣಿ ಕಿಟಕಿ ಪಕ್ಕ ಕೂತು ತೂಕಡಿಸುತ್ತಿದ್ದಳು. ಡ್ರೈವರ್ ಹಾಡು ಬದಲಾಯಿಸಿದ. ತಮಟೆ ಶುರುವಾಯಿತು. ಅದರ ಬೆನ್ನಿಗೇ ಒಂದು ಹೆಣ್ಣುದನಿ.

"ಗಿಣಿಮೂತಿ ಬಾವಾ, ಓ ಗಿಣಿಮೂತಿ ಬಾವಾ,
ತೋಪೆಲ್ಲಾ ತಿರುಗಿ ಬಂದು ಮಾತೇ ಮರೆತ್ಯಾ?
ಹುಳಿಯೋ ಸಿಹಿಯೋ ಚೆಪ್ಪು ಬಾವಾ, ಕಚ್ಚಿ ನೋಡಲಾ?"

ಶ್ರೀವಾಣಿಯ ನಿದ್ದೆ ಹಾರಿಹೋಯಿತು. ಅದು ಅವಳದೇ ದನಿ!

ಬಸ್ಸಿಗೆ ಬಸ್ಸೇ ತಲೆದೂಗುತ್ತಿತ್ತು. ಮಂಡಿಗೆ ಹೊರಟಿದ್ದ ಮುದುಕರೊಬ್ಬರು ಟೊಮೇಟೊ ಬಾಕ್ಸಿನ ಮೇಲೆ ತಾಳ ಹಾಕುತ್ತಿದ್ದರು. ಚಿಕ್ಕಪ್ಪನ ಮಗಳು ಪವಿತ್ರಳ ಅರಿಶಿನದ ದಿನ, ಮದುಮಗನ ಫೋಟೋ ಮುಂದಿಟ್ಟುಕೊಂಡು, ಗಿಣಿಮೂತಿ ಮಾವಿನಂಥ ಅವನ ಉದ್ದ ಮೂಗನ್ನು ಗೇಲಿ ಮಾಡಲು ಅವಳು ನಿಂತ ನಿಲುವಿನಲ್ಲೇ ಕಟ್ಟಿ ಹಾಡಿದ ಹಾಡದು. ಅಲ್ಲಿದ್ದವರೆಲ್ಲ ಹೆಂಗಸರೇ. ಈಗ ನೋಡಿದರೆ ಇಡೀ ತಾಲ್ಲೂಕು ಕೇಳುತ್ತಿದೆ!

"ಇದೆಲ್ಲಿ ಸಿಕ್ತು ಅಣ್ಣಾ?" ಎಂದು ಕಂಡಕ್ಟರನ್ನು ಕೇಳಿದಳು.

"ನಮ್ಮ ಮುರಳಿ ಮಾಡಿರೋದು ಕಣಮ್ಮಾ. ಬಸ್ ಸ್ಟ್ಯಾಂಡ್ ಹಿಂದ್ಗಡೆ ಕ್ಯಾಸೆಟ್ ಅಂಗಡಿ ಇಲ್ವಾ, ಅವ್ನು. ಮುಳಬಾಗಿಲ ಕಡೆ ಆಟೋದೋರೆಲ್ಲಾ ಇದನ್ನೇ ಹಾಕ್ತಾವ್ರೆ."

ಶ್ರೀವಾಣಿಗೆ ಶ್ರೀನಿವಾಸಪುರದ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಅಂದು ಬಸ್ಸಿಳಿದವಳು ಲ್ಯಾಬಿನ ಕಡೆ ತಿರುಗಲಿಲ್ಲ. ಸೆರಗಿನಂತೆ ವೇಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಅಂಗಡಿಗೆ ನುಗ್ಗಿದಳು.

ಆ ಅಂಗಡಿ ಮುರಳಿಮೋಹನನ ಅಪ್ಪ ಅಮರನಾಥ್ ಇಟ್ಟಿದ್ದು. ಕ್ಯಾಸೆಟ್ಟು ಹೋಗಿ ಸೀಡಿ ಬಂತು. ಸೀಡಿ ಹೋಗಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಡುವ ಕಾಲ ಬಂತು. ಆಮೇಲೆ ಹಾಡುಗಳು ತಾವೇ ಜನರ ಫೋನು ಹುಡುಕಿಕೊಂಡು ಹೋಗತೊಡಗಿದವು, ಗಿರಾಕಿಗಳು ಅಂಗಡಿ ಹುಡುಕಿಕೊಂಡು ಬರುವುದು ನಿಂತಿತು. ಅಮರನಾಥ್ ಬೇಸತ್ತು ತೋಟ ನೋಡಿಕೊಳ್ಳಲು ಹೋದರು. ಮಗ ಮಾತ್ರ, ಹಾಡು ಮಾರುವುದು ಹೋದರೆ ಹೋಗಲಿ, ಮಾಡೋಣ ಎಂದುಕೊಂಡು ಹಿಂದಿನ ರೂಮಿನಲ್ಲಿ ಕಂಪ್ಯೂಟರು, ಮೈಕು ಇಟ್ಟ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಗೆ ಹಳೇ ಕಂಬಳಿ ಹೊದಿಸಿ ಗೋಡೆಗೆ ಒರಗಿಸಿದ. ಸದ್ದು ಹೊರಗಿಂದ ಒಳಗೆ ಬರುತ್ತಿರಲಿಲ್ಲ. ಅದೇ ಅವನ ಸ್ಟುಡಿಯೋ.

"ಮುರಳಿ ಅಂದ್ರೆ ಯಾರು?"

ತಲೆ ಬಗ್ಗಿಸಿ ವೈರು ಬಿಡಿಸುತ್ತಿದ್ದವನ ಕೈ ಅಲ್ಲೇ ನಿಂತಿತು. ಮೆಲ್ಲಗೆ ಮುಖ ಎತ್ತಿದ. "ನಾನೇ. ಇನ್ನೊಂದ್ಸಲ ಹೇಳಿ."

"ಏನು?"

"ಏನಾದ್ರೂ ಸರಿ."

"ಕಳ್ಳ! ಸಾಕಾ?"

ಅವನ ಮುಖ ಅರಳಿಹೋಯಿತು. ಕಳ್ಳ ಎಂದು ಬೈಸಿಕೊಂಡು ಅಷ್ಟು ಸಂತೋಷಪಟ್ಟವನನ್ನು ಶ್ರೀವಾಣಿ ಎಲ್ಲೂ ನೋಡಿರಲಿಲ್ಲ. "ನೀವೇ! ಅಯ್ಯೋ, ನೀವೇ! ಎಷ್ಟು ಜನರನ್ನ ಕೇಳ್ದೆ ಗೊತ್ತಾ? ಯಾವುದೋ ವಾಟ್ಸಾಪ್ ಗ್ರೂಪಲ್ಲಿ ಬಂತು, ಬರೀ ದನಿ. ಇಲ್ನೋಡಿ, ಆನ್‌ಲೈನಲ್ಲಿ ಹಾಕಿರೋ ಹಾಡಿನ ಕೆಳಗೇ ಬರ್ದಿದೀನಿ: ಹಾಡಿದವರು ಯಾರೆಂದು ಗೊತ್ತಿಲ್ಲ, ಗೊತ್ತಿದ್ದವರು ದಯವಿಟ್ಟು ತಿಳಿಸಿ."

"ತಿಳ್ಕೊಂಡ್ರಲ್ಲ, ಈಗ ಅಳಿಸಿ."

ಅವನು ವಾದ ಮಾಡಲಿಲ್ಲ. ಕುರ್ಚಿ ಬಿಟ್ಟೆದ್ದು ಮೌಸನ್ನು ಅವಳ ಕಡೆ ಸರಿಸಿದ. "ನಿಮ್ಮ ದನಿ. ನೀವೇ ಅಳಿಸಿ. ಅದಕ್ಕೆ ಮುಂಚೆ ಒಂದ್ಸಲ ಕೆಳಗೆ ಜನ ಬರ್ದಿರೋದನ್ನ ಓದಿ."

ಅವಳು ಓದಿದಳು. ಮಾಲೂರಿನ ಫ್ಯಾಕ್ಟರಿ ಹುಡುಗಿಯರು ಊಟದ ಬಿಡುವಿನಲ್ಲಿ ಇದಕ್ಕೆ ಕುಣಿದಿದ್ದರು. ಕುವೈತಿನಲ್ಲಿ ಮನೆಗೆಲಸಕ್ಕಿದ್ದ ರಾಯಲ್ಪಾಡಿನ ಹೆಂಗಸೊಬ್ಬಳು, ಹೇಳು ಅನ್ನೋಕೆ ಚೆಪ್ಪು ಅನ್ನೋ ನಮ್ಮೂರ ಮಾತು ಕೇಳಿ ಎಷ್ಟು ದಿನವಾಗಿತ್ತೋ ತಾಯಿ ಎಂದು ಬರೆದಿದ್ದಳು. ಓದುತ್ತ ಓದುತ್ತ ಶ್ರೀವಾಣಿಯ ಮೂಗಿನ ತುದಿಯ ಸಿಟ್ಟು ಎಲ್ಲಿ ಜಾರಿತೋ.

"ಎರಡನೇ ಸಾಲಲ್ಲಿ ತಮಟೆ ನನ್ನ ಮಾತನ್ನ ನುಂಗ್ಬಿಟ್ಟಿದೆ" ಎಂದಳು ಕೊನೆಗೆ.

"ಹಂಗಾದ್ರೆ ಸರಿಯಾಗಿ ಹಾಡಿಕೊಡಿ."

"ಹಾಡ್ತೀನಿ. ಆದ್ರೆ ಹೆಸರು ಹಾಕ್ಬಾರ್ದು, ಮುಖ ತೋರಿಸ್ಬಾರ್ದು. ಕಚ್ಚಿ ನೋಡಲಾ ಅಂತ ಹಾಡಿದ್ದು ನಾನು ಅಂತ ಅಪ್ಪನಿಗೆ ಗೊತ್ತಾದ್ರೆ ನನ್ನ ಕಥೆ ಮುಗೀತು."

ಅಲ್ಲಿಂದ ಮುಂದೆ ಭಾನುವಾರ ಬಂತೆಂದರೆ ಶ್ರೀವಾಣಿಗೆ ಪೇಟೆಯಲ್ಲಿ ಏನಾದರೊಂದು ಕೆಲಸವಿರುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ನಿಂತರೆ ಕಂಪ್ಯೂಟರಿನಾಚೆಯಿಂದ ಅವನು ಬೆರಳೆತ್ತಿ ತೋರಿಸುತ್ತಿದ್ದ. ಅವಳು ಬೇಕೆಂದೇ ಒಂದು ಕ್ಷಣ ತಡೆದು, ಅವನ ಹುಬ್ಬು ಮೇಲೇರಿದ ಮೇಲೆಯೇ ಹಾಡು ಎತ್ತಿಕೊಳ್ಳುತ್ತಿದ್ದಳು. ಪರದೆಯ ಮೇಲೆ ಅವಳ ದನಿ ಹಸಿರು ಅಲೆಯಾಗಿ ಏಳುತ್ತಿತ್ತು.

"ಈ ಸಣ್ಣ ಗೆರೆ ಏನು?" ಎಂದು ಒಮ್ಮೆ ಬಗ್ಗಿ ನೋಡಿದಳು.

"ನಿಮ್ಮ ಉಸಿರು."

"ತೆಗೆದ್ಬಿಡಿ."

"ಎಲ್ಲರದ್ದೂ ತೆಗೀತೀನಿ. ನಿಮ್ಮದು ಇರ್ಲಿ" ಎಂದ, ಪರದೆಯಿಂದ ಕಣ್ಣು ತೆಗೆಯದೆ. ಅವನ ಕಿವಿ ಮಾತ್ರ ಸೇಂದೂರ ಮಾವಿನ ಹೆಗಲಿನಂತೆ ಕೆಂಪೇರಿತ್ತು. ಶ್ರೀವಾಣಿ ನೋಡಿಯೂ ನೋಡದವಳಂತೆ ನಿಂತಳು. ಮನೆಗೆ ಹೋಗುವ ಬಸ್ಸಿನುದ್ದಕ್ಕೂ ಒಬ್ಬಳೇ ನಕ್ಕಳು.

ಹೊಸದಾಗಿ ಹಾಡಿದ್ದು ಮೊದಲಿನದಕ್ಕಿಂತ ಜೋರಾಗಿ ಓಡಿತು. ಕೋಲಾರದ ಕಾಲೇಜುಗಳಲ್ಲಿ, ಮದುವೆ ಮನೆಗಳಲ್ಲಿ, ಎಲ್ಲಿ ನೋಡಿದರೂ ಗಿಣಿಮೂತಿ ಬಾವ. ಹಾಗಿರುವಾಗ ಒಂದು ಸೋಮವಾರ ಬೆಳಗ್ಗೆ ಹಾಡೇ ಮಾಯವಾಯಿತು.

ಯಾವುದೋ ಮ್ಯೂಸಿಕ್ ಕಂಪನಿ ಆ ಹಾಡನ್ನೇ ಎತ್ತಿಕೊಂಡು ತನ್ನದೆಂದು ನೋಂದಾಯಿಸಿತ್ತು. ಹಾಡು ಹಾಕಿದ್ದ ಸೈಟಿನವರ ಕಂಪ್ಯೂಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಇವರದೇ ಕದ್ದ ಮಾಲು ಎಂದು ತೀರ್ಪು ಕೊಟ್ಟುಬಿಟ್ಟಿತ್ತು. ಮುರಳಿ ಫೋನು ಮಾಡಿದರೆ ಕಂಪನಿಯವನು ನಕ್ಕ. "ಹಾಡಿದವರ ಹೆಸರೇ ಹಾಕಿಲ್ಲವಲ್ಲ ಸಾರ್ ನೀವು. ಮುಖ ಇಲ್ಲದ ದನಿ ಯಾರದ್ದು ಬೇಕಾದ್ರೂ ಆಗ್ಬಹುದು."

ಮುರಳಿ ಅವಳೆದುರು ಕುಗ್ಗಿಹೋಗಿ ಕೂತಿದ್ದ. "ಬಿಟ್ಬಿಡೋಣ. ನಿಮಗೆ ಮನೇಲಿ ತೊಂದರೆ ಆಗೋದು ಬೇಡ. ಬೇರೆ ಹಾಡು ಮಾಡಿದ್ರಾಯ್ತು."

"ಬೇರೆ ಹಾಡು ಮಾಡ್ಬಹುದು. ಬೇರೆ ದನಿ ಎಲ್ಲಿಂದ ತರ್ಲಿ?" ಶ್ರೀವಾಣಿ ಎದ್ದು ನಿಂತಳು. "ಭಾನುವಾರ ಬೆಳಗ್ಗೆ ಲೈವ್ ಇಡಿ. ನಾನೇ ಬಂದು ಕೂತ್ಕೋತೀನಿ. ನನ್ನದು ಹೌದೋ ಅಲ್ವೋ, ಜನ ಹೇಳ್ಲಿ."

ಅಂದು ಸಂಜೆ, ಅಪ್ಪ ಅಶ್ವತ್ಥಪ್ಪ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾಗ ಎಲ್ಲವನ್ನೂ ಹೇಳಿದಳು. ಅಮ್ಮ ಅಂಜಮ್ಮ ಸೊಪ್ಪು ಬಿಡಿಸುವುದನ್ನೂ ನಿಲ್ಲಿಸಲಿಲ್ಲ.

"ಆ ಹಾಡು ಫೋನಲ್ಲಿ ಬಂದ ದಿನವೇ ನಂಗೆ ಗೊತ್ತು ಕಣೇ. ಹೆತ್ತೋಳಿಗೆ ದನಿ ತಿಳಿಯಲ್ವಾ?"

ಅಶ್ವತ್ಥಪ್ಪ ಲೋಟವನ್ನು ಕೆಳಗಿಟ್ಟ. "ನಾಚಿಕೆ ಆಗಲ್ವೇನೇ, ಕಚ್ಚಿ ನೋಡಲಾ ಅಂತ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದ. ಮನೆಯೆದುರಿನ ತಮ್ಮ ಮಾವಿನ ತೋಪಿನ ಕಡೆ ನೋಡಿದ. ಮಾವು ಕಾಯುವವನಿಗೆ ಫಲ ಕದಿಯುವವರ ಮೇಲಿನ ಸಿಟ್ಟು ಬೇರೆ ಎಲ್ಲಕ್ಕಿಂತ ದೊಡ್ಡದು. "ನಮ್ಮ ಮನೆ ಹಾಡನ್ನ ಅವನ್ಯಾವನೋ ತನ್ದು ಅಂತಾನಾ? ಹೋಗಿ ಹಾಡು. ಗೌನಿಪಲ್ಲಿ ಅಶ್ವತ್ಥಪ್ಪನ ಮಗಳು ಅಂತ ಎಲ್ರಿಗೂ ಕೇಳೋ ಹಂಗೆ ಹೇಳು."

ಭಾನುವಾರ ಶ್ರೀವಾಣಿ ಹಸಿರು ಸೀರೆಯುಟ್ಟು, ಕನಕಾಂಬರ ಮುಡಿದು ಸ್ಟುಡಿಯೋದಲ್ಲಿ ಕೂತಳು. ಮುರಳಿ ಎದುರಿಗೆ ಫೋನು ಹಿಡಿದು ನಿಂತ. ಅವಳು ಅಪ್ಪ ಹೇಳಿಕೊಟ್ಟಂತೆಯೇ ಹೆಸರು ಹೇಳಿ ಹಾಡಿದಳು. ತಮಟೆಯಿಲ್ಲ, ತಾಳವಿಲ್ಲ, ಬರೀ ಗಂಟಲು. ನೋಡುವವರು ಹೆಚ್ಚುತ್ತಲೇ ಹೋದರು. ಗಂಡನ ಜೊತೆ ಕೂತು ನೋಡುತ್ತಿದ್ದ ಪವಿತ್ರ, "ಹಾಡಲ್ಲಿರೋ ಮೂಗು ನಮ್ಮೋರದೇ, ಸಾಕ್ಷಿ ನಾವೇ" ಎಂದು ಬರೆದಳು. "ನಮ್ಮ ಹುಡುಗಿ ಹಾಡು ವಾಪಸ್ ಕೊಡಿ" ಎಂದು ಮುಳಬಾಗಿಲಿನಿಂದ, ಆವನಿಯಿಂದ, ಕುವೈತಿನಿಂದ ಜನ ಕಂಪನಿಯ ಹೆಸರು ಹಿಡಿದು ಬರೆಯತೊಡಗಿದರು.

ಅಷ್ಟರಲ್ಲಿ ಯಾರೋ ಕೇಳಿದರು: "ಅಕ್ಕಾ, ಪವಿತ್ರಕ್ಕನ ಬಾವ ಗೊತ್ತಾಯ್ತು. ನಿಮ್ಮನ್ನ ಮದುವೆ ಆಗೋ ಬಾವ ಯಾರು?"

ಅವಳು ಓದಿದಳು. ಫೋನಿನ ಮೇಲಿನಿಂದ ಇಣುಕುತ್ತಿದ್ದ ಎರಡು ಕಣ್ಣುಗಳನ್ನು ನೋಡಿದಳು. ನೋಡಿದ್ದೇ ತಡ, ಪದ ತಾನಾಗಿ ಬಂತು.

"ಕೇಳ್ತಾವ್ರೆ ಊರೋರು ಬಾವ ಯಾರಂತ,
ಇಲ್ಲೇ ನನ್ನ ಎದುರಿಗೇ ಕೈ ನಡುಗಿಸ್ತಾ ನಿಂತ!"

ಫೋನು ಗಡಗಡ ಅಲುಗಿತು. ನೋಡುತ್ತಿದ್ದವರಿಗೆ ಮೊದಲು ಚಂದ್ರಿಕೆ, ಆಮೇಲೆ ಫ್ಯಾನು, ಆಮೇಲೆ ಮುರಳಿಯ ಚಪ್ಪಲಿ ಕಂಡಿತು. ಲೈವ್ ಕಟ್ಟಾಯಿತು.

ರೂಮಿನಲ್ಲಿ ಇಬ್ಬರೇ. ಶ್ರೀವಾಣಿ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. "ಅಯ್ಯೋ ದೇವ್ರೇ, ಅಪ್ಪ ನೋಡ್ತಿದ್ರು!" ಬೆರಳ ಸಂದಿಯಿಂದ ಅವನನ್ನು ನೋಡಿದಳು. "ನಾನು ಊರಿಗೆಲ್ಲಾ ಕೇಳೋ ಹಂಗೆ ಹೇಳ್ದೆ. ನೀವು ಒಬ್ಬಳಿಗಾದ್ರೂ ಕೇಳೋ ಹಂಗೆ ಹೇಳ್ತೀರೋ ಇಲ್ವೋ?"

ಮುರಳಿ ಅವಳ ಮುಂದೆ ನೆಲದ ಮೇಲೇ ಕೂತುಬಿಟ್ಟ. "ನಿನ್ನ ಮುಖ ನೋಡೋ ಮುಂಚೇನೇ ಆಗೋಗಿತ್ತು ವಾಣಿ. ಹಗಲೆಲ್ಲ ಆ ಮೂರು ಸಾಲು ಕೇಳ್ತಾ ಕೂರ್ತಿದ್ದೆ. ಯಾರ ಮನೆ ಹುಡುಗೀನೋ, ಮದುವೆ ಆಗಿದ್ಯೋ ಏನೋ ಅಂತ ಹೆದರಿಕೆ. ನೀನು ಬಂದು ಬೈದ್ಯಲ್ಲ, ಅವತ್ತು ಕೊರಳು ನೋಡ್ದೆ. ತಾಳಿ ಇರ್ಲಿಲ್ಲ. ಆ ಖುಷೀಲಿ ನೀನು ಏನಂತ ಬೈದ್ಯೋ ಸರಿಯಾಗಿ ಕೇಳಿಸ್ಲೇ ಇಲ್ಲ."

ಅವನು ನೀನು ಎಂದದ್ದು ಇಬ್ಬರಿಗೂ ಒಟ್ಟಿಗೇ ಅರಿವಾಯಿತು. ಅವಳು ತಿದ್ದಲಿಲ್ಲ. ಕೈ ಚಾಚಿದಳು. ಅವನು ಹಿಡಿದುಕೊಂಡ.

ಅವಳ ಫೋನು ಹೊಡೆದುಕೊಂಡಿತು. ಅಪ್ಪ.

"ಹಾಡು ವಾಪಸ್ ಬತ್ತದಾ?"

"ಬತ್ತದೆ ಅಪ್ಪಾ. ಕಂಪನಿಯೋರಿಗೆ ಜನ ಉಗೀತಾವ್ರೆ" ಎಂದಳು.

ಆ ಕಡೆ ಅಂಜಮ್ಮನ ನಗು ಹಿಂದಿನಿಂದ ತೇಲಿಬಂತು. ಅಶ್ವತ್ಥಪ್ಪ ಕೆಮ್ಮಿದ.

"ಆ ಫೋನ್ ಹಿಡ್ಕೊಂಡಿದ್ನಲ್ಲ, ಅವನನ್ನೂ ಅವರ ಅಪ್ಪ ಅಮ್ಮನ್ನೂ ಬರೋ ವಾರ ಊಟಕ್ಕೆ ಬರ್ಹೇಳು. ಹುಡುಗನ್ನ ನೋಡೋಣ ಅಂದ್ರೆ ಬರೀ ಚಪ್ಪಲಿ ತೋರಿಸ್ದ."